ಹುರುಳಿ ತಿಂದ ಹೈಬ್ರಿಡ್ ಗಾಡಿ

ಒಂದಾನೊಂದು ಊರಿನಲ್ಲಿ, ಬೋದೆಹಟ್ಟಿ ಅಂತ ಅದರ ಹೆಸರು, ಮನುಷ್ಯರಿಗಿಂತ ಹುಲ್ಲೇ ಎತ್ತರವಾಗಿತ್ತು. ಹತ್ತಿರ ಬನ್ನಿ. ಬೆಂಕಿಗೆ ಬೆನ್ನು ಕೊಟ್ಟು ಕೂತವರು ಈ ಕಡೆ ತಿರುಗಿ. ಇದು ಹೆದರಿಕೆಯ ಕತೆ. ನಡುವೆ ನಗು ಬಂದರೆ ನಕ್ಕುಬಿಡಿ, ಆದರೆ ನಡುವೆ ಬಾಯಿ ಹಾಕಬೇಡಿ. ನನಗೆ ಆಗಿಬರುವುದಿಲ್ಲ.

ಆ ಊರಿಗೊಬ್ಬ ಅರಸ. ಅವನು ಚಿಕ್ಕವನಿದ್ದಾಗ ಅಂಗಿಯ ಗುಂಡಿಯೊಂದು ಕಿತ್ತು ಹುಲ್ಲಿನಲ್ಲಿ ಬಿತ್ತು. ಎಲ್ಲರೂ ಹುಡುಕಿದರು. ಸಿಗಲಿಲ್ಲ. ಹುಡುಗ ಅತ್ತ. ಉಂಡೂ ಅತ್ತ, ಉಣ್ಣದೆಯೂ ಅತ್ತ. ಕೊನೆಗೆ ಸಾಕಿ ಸಲಹುತ್ತಿದ್ದ ದಾದಿ ಬೇಸತ್ತು ಹೇಳಿದಳು, "ಅಳಬ್ಯಾಡ ನನ್ನಪ್ಪ. ಕಾಣದಿದ್ರೇನಂತೆ? ಕಾಣದ್ದೆಲ್ಲ ನಿಂದೇ."

ಅಳು ನಿಂತಿತು. ದಾದಿ ಹಾಯಾಗಿ ನಿದ್ದೆ ಹೋದಳು. ಆದರೆ ಹುಡುಗ ಆ ಮಾತನ್ನು ಮರೆಯಲಿಲ್ಲ. ಪಟ್ಟಕ್ಕೆ ಬಂದ ದಿನವೇ ಡಂಗುರ ಹೊಡೆಸಿದ: "ಕಂಡಿದ್ದು ನಿಮ್ಮದು! ಕಾಣದ್ದು ನಮ್ಮದು!"

ಕಾನೂನು ಅಷ್ಟೇ. ಹುಣ್ಣಿಮೆ ಕಳೆದ ಬೆಳಗ್ಗೆ ಅರಸ ಮೇನೆಯಲ್ಲಿ ಕೂತು ಹೊರಡುವನು. ಮುಂದೆ ಡೋಲು. ಡೋಲಿನ ಹಿಂದೆ ಕಾಣುವಯ್ಯ ಅನ್ನುವ ಅಧಿಕಾರಿ. ಕೊಕ್ಕರೆಯಂಥ ಉದ್ದ ಕತ್ತು ಅವನದು. ಅದಕ್ಕೇ ಆ ಕೆಲಸ ಸಿಕ್ಕಿತ್ತು. ಯಾರ ಜಮೀನಿನ ಮುಂದೆ ನಿಂತರೂ ಅವನು ಕತ್ತು ಎತ್ತಿ, ಹುಲ್ಲಿನ ಮೇಲೆ ಏನೇನು ತಲೆ ಎತ್ತಿದೆಯೋ ಅದನ್ನೆಲ್ಲ ಕೂಗುವನು. "ಕಾಣ್ತು, ಹುಣಸೇಮರ! ಕಾಣ್ತು, ಎಮ್ಮೆ ಕೋಡು! ಕಾಣ್ತು, ಯಜಮಾನನ ಪೇಟ!" ಕೂಗಿದ್ದು ಉಳಿಯಿತು. ಡೋಲು ನಿಲ್ಲುವ ಹೊತ್ತಿಗೆ ಕೂಗದೆ ಬಿಟ್ಟದ್ದೂ, ಕೂಗಿದ ಮೇಲೆ ಮರೆಯಾದದ್ದೂ ಅರಸನದಾಯಿತು. ಕೋಳಿ ಹೋಯಿತು. ನಾಯಿ ಹೋಯಿತು. ರುಬ್ಬುಗುಂಡು ಹೋಯಿತು. ಕುಳ್ಳಗಿದ್ದ ಮನುಷ್ಯರೂ ಹೋದರು.

ಹೋದವರು ಎಲ್ಲಿಗೆ ಹೋದರು? ದೂರ ಎಲ್ಲೂ ಇಲ್ಲ. ಊರಿನ ಸುತ್ತ ಅರಸನ ಹುಲ್ಲುಗಾವಲು. ಅದರೊಳಗೆ ಕುಕ್ಕರುಗಾಲಿನಲ್ಲಿ ಅಲ್ಲಾಡದೆ ಕೂರಬೇಕು. ಎದ್ದರೆ ಕಾಣುತ್ತಾರಲ್ಲ! ಕಂಡರೆ ಅರಸನವರಲ್ಲ ಎಂದಾಗುತ್ತದಲ್ಲ! ಹಾಗೆಂದು ಏಳುವಂತಿಲ್ಲ. ಕಾವಲಿನವರು ಕೋಲು ಹಿಡಿದು ತಿರುಗುತ್ತಿದ್ದರು. ತಲೆ ಮೇಲೆದ್ದರೆ ಕೋಲು ಕೆಳಗಿಳಿಯುತ್ತಿತ್ತು.

ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತರೆ? ಬಾಗಿಲು ಹಾಕಿದರೆ ಕಾಣುತ್ತಾರೇನು? ಇಲ್ಲ. ಹಾಗಾದರೆ ಅರಸನವರು. ಸೂರು ಹತ್ತಿದರೆ? ಹತ್ತಬಹುದಿತ್ತು, ಆದರೆ ಊರಿನ ಏಣಿಗಳೆಲ್ಲ ಒಮ್ಮೆ ನೆಲದ ಮೇಲೆ ಮಲಗಿದ್ದಾಗ ಡೋಲು ಬಂದು, ಎಲ್ಲವೂ ಅರಸನ ಪಾಲಾಗಿದ್ದವು. ಅದಕ್ಕೆ ಊರವರು ಮರಗಾಲು ಕಟ್ಟಿಕೊಂಡರು. ಹೆದರಿ ಉಳಿದ ದಿನವೂ ಬಿಚ್ಚಲಿಲ್ಲ. ಮರಗಾಲಿನ ಮೇಲೆ ನಿಂತವರು ಬಗ್ಗಿ ಹುಲ್ಲು ಕೊಯ್ಯಲಾರರು. ಹುಲ್ಲು ಬೆಳೆಯಿತು. ಹುಲ್ಲು ಬೆಳೆದಂತೆ ಮರಗಾಲನ್ನು ಉದ್ದ ಮಾಡಿದರು. ಮರಗಾಲು ಉದ್ದವಾದಂತೆ ನೆಲ ದೂರವಾಯಿತು. ನೋಡಿ, ಒಬ್ಬನ ಅಂಗಿ ಗುಂಡಿ ಕಿತ್ತುಹೋದರೆ ಎಲ್ಲಿಗೆ ಬಂದು ನಿಲ್ಲುತ್ತದೆ.

ಊರಾಚೆ, ಕಣ್ಣು ಹಾಯುವಷ್ಟು ದೂರ ಜಮೀನಿದ್ದ ಮನೆಯೊಂದು. ಆ ಮನೆಯ ಸೊಸೆ ಪಾಲಕ್ಕ. ಅವಳ ಅತ್ತೆ ಕಾಟಮ್ಮ. ಪಾಲಕ್ಕನ ಗಂಡ ಗಾದ್ರಪ್ಪ ಒಳ್ಳೆಯ ಕೆಲಸಗಾರ. ಮರಗಾಲು ಬೇಡವೆಂದು ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದ. ಒಂದು ಹುಣ್ಣಿಮೆ ಕಳೆದ ಬೆಳಗ್ಗೆ ದೂರದಲ್ಲಿ ಡೋಲು ಕೇಳಿಸುತ್ತಿತ್ತು. ಇನ್ನೊಂದೇ ಒಂದು ಹಿಡಿ ಕೊಯ್ದು ಏಳೋಣ ಎಂದು ಅವನು ಕುಕ್ಕರುಗಾಲಿನಲ್ಲಿದ್ದ. ಜಗುಲಿಯಿಂದ ಕಾಟಮ್ಮ ಕೂಗಿದಳು, "ಬಗ್ಗಿ ಕೊಯ್ಯೋ! ಬುಡಕ್ಕೆ ಕೊಯ್ಯೋ! ಮೇಲೆ ಮೇಲೆ ಸವರ್‍ತೀಯಲ್ಲೋ, ಸೋಮಾರಿ!"

ತಾಯಿ ಮಾತು ಕೇಳಿ ಅವನು ಇನ್ನೂ ಬಗ್ಗಿದ. ಡೋಲು ನಿಂತಿತು.

ಅಂದಿನಿಂದ ಕಾಟಮ್ಮ ಜನರ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬದಲಿಗೆ ಬೈಗುಳ ಹೆಚ್ಚಿಸಿದಳು. ಸೊಸೆಯ ಪಾಲಿನ ಬೈಗುಳವನ್ನೂ ಮಗನ ಪಾಲಿನ ಬೈಗುಳವನ್ನೂ ಸೇರಿಸಿ ಪಾಲಕ್ಕನಿಗೇ ಬೈದಳು. ಮುದ್ದೆ ಗಟ್ಟಿಯಾದರೆ ಬೈದಳು, ಮೆತ್ತಗಾದರೆ ಬೈದಳು, ಸರಿಯಾಗಿದ್ದರೆ "ಇವತ್ತೇನು ಸರಿಯಾಗಿ ಮಾಡಿದೀಯ, ದಿನಾ ಏನಾಗಿತ್ತು ರೋಗ?" ಎಂದು ಬೈದಳು. ಪಾಲಕ್ಕ ನಿಂತೇ ಕೇಳುತ್ತಿದ್ದಳು. ಯಾಕೆಂದರೆ ಬೋದೆಹಟ್ಟಿಯಲ್ಲಿ ಅತ್ತೆಯ ಎದುರಿಗೆ ಸೊಸೆ ಕೂರುವಂತಿಲ್ಲ. ನಿಂತು ಬಡಿಸಬೇಕು, ನಿಂತು ಮಾತು ಕೇಳಬೇಕು, ಅತ್ತೆ ಆ ಕಡೆ ತಿರುಗಿದಾಗ ಕೂತು ಎದ್ದುಬಿಡಬೇಕು. ಮದುವೆಯಾಗಿ ಬಂದ ದಿನದಿಂದ ಪಾಲಕ್ಕ ಕೂತಿದ್ದನ್ನು ಕಾಟಮ್ಮ ನೋಡಿಯೇ ಇರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಟಮ್ಮ ಕುಳ್ಳಿ. ವಯಸ್ಸಾದಂತೆ ಇನ್ನೂ ಕುಳ್ಳಿಯಾಗುತ್ತಿದ್ದಳು. ಮರಗಾಲು ಕಟ್ಟಿದರೆ ಬೀಳುತ್ತಿದ್ದಳು. ಹೋದ ತಿಂಗಳು ಕಾಣುವಯ್ಯ ಬಂದಾಗ ಅವಳ ತುದಿಗಾಲು, ಎತ್ತಿದ ಕತ್ತು, ನೆತ್ತಿಯ ಮೇಲೆ ಕಟ್ಟಿದ ತುರುಬು, ಮೂರೂ ಸೇರಿ ಹೇಗೋ ಉಳಿದುಕೊಂಡಿದ್ದಳು. "ಕಾಣ್ತು, ಒಂದು ತುರುಬು!" ಅಷ್ಟೇ. ಮುಂದಿನ ತಿಂಗಳಿಗೆ ಹುಲ್ಲು ಇನ್ನೊಂದು ಗೇಣು ಬೆಳೆಯುತ್ತದೆ. ಕಾಟಮ್ಮ ಇನ್ನೊಂದು ಬೆರಳು ಇಳಿಯುತ್ತಾಳೆ. ಪಾಲಕ್ಕನ ಗಂಡ ಹೋದ. ಇವಳೂ ಹೋದರೆ?

ಪಾಲಕ್ಕ ಯೋಚಿಸಿದಳು. ಹುಲ್ಲು ಕೊಯ್ಯಬೇಕಾದರೆ ಬಗ್ಗಬೇಕು. ಬಗ್ಗಿದರೆ ಅರಸನ ಪಾಲು. ಬಗ್ಗದೆ ಕೊಯ್ಯುವಂಥದ್ದು ಬೇಕು. ಅಷ್ಟು ಯೋಚಿಸಿ ಪರವೂರಿನ ಸಂತೆಗೆ ಹೋದಳು.

ಸಂತೆಯ ಕೊನೆಯಲ್ಲಿ ಒಬ್ಬ ವ್ಯಾಪಾರಿ ಒಂದು ವಿಚಿತ್ರವನ್ನು ನಿಲ್ಲಿಸಿಕೊಂಡಿದ್ದ. ಮುಂದೆ ನೆಲಕ್ಕೆ ಕಚ್ಚಿದಂಥ ಅಗಲವಾದ ಬಾಯಿ. ನಡುವೆ ಒಂದು ಸೀಟು. ಹಿಂದೆ ಸಾಮಾನು ಹಾಕುವ ತೊಟ್ಟಿ.

"ಇದೇನಣ್ಣ?"

"ಹೈಬ್ರಿಡ್ಡು ತಾಯಿ. ಅಪ್ಪ ಹುಲ್ಲು ಕೊಯ್ಯೋ ಮಿಷನ್ನು, ಅವ್ವ ಮೂಟೆ ಹೊರೋ ಗಾಡಿ. ಮುಂದೆಲ್ಲ ಅಪ್ಪನ ಹಂಗೆ, ಹಿಂದೆಲ್ಲ ಅವ್ವನ ಹಂಗೆ."

"ಕೂತ್ಕೊಂಡು ಕೊಯ್ಯಬೋದಾ?"

"ಕೂತ್ಕೊಂಡೇ ಕೊಯ್ಯಬೇಕು. ಸೀಟಿಂದ ಎದ್ರೆ ಬಾಯಿ ಮುಚ್ಚಿಬಿಡ್ತದೆ. ಕೂತಿದೀರಿ ಅನ್ನೋದು ಭಾರದಲ್ಲೇ ಗೊತ್ತಾಗ್ತದೆ ಅದಕ್ಕೆ."

"ಏನು ಕುಡೀತದೆ?"

"ಎರಡು ಗಂಟಲು. ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ಕರೆಂಟು. ಮೂರನೇದು ಏನೂ ಹಾಕಬ್ಯಾಡಿ. ಹಾಕಿದ್ರೆ ನಾ ಜವಾಬ್ದಾರಿ ಅಲ್ಲ."

"ಬದಲಿಗೆ ಏನು ಕೊಡಬೇಕಣ್ಣ?"

ವ್ಯಾಪಾರಿ ನೆತ್ತಿಯ ಬೆವರು ಒರೆಸಿಕೊಂಡ. "ದಿನಾ ಬಿಸಿಲಲ್ಲಿ ನಿಂತು ಸಾಕಾಗಿದೆ ತಾಯಿ. ನಿಮ್ಮನೆ ಮುಂದಿನ ಹುಣಸೇಮರದ ನೆರಳು ಕೊಡಿ. ಮರ ನೀವೇ ಇಟ್ಕೊಳ್ಳಿ."

ಒಪ್ಪಿಗೆಯಾಯಿತು. ವ್ಯಾಪಾರಿ ಮನೆಗೆ ಬಂದು, ಮರದ ಕೆಳಗಿನ ನೆರಳನ್ನು ನಾಲ್ಕು ಮೂಲೆ ಹಿಡಿದು ಕೊಡವಿ, ಕಂಬಳಿ ಮಡಚಿದಂತೆ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದ. ಹುಣಸೇಮರ ಬೆತ್ತಲಾದಂತೆ ನಾಚಿಕೊಂಡು ನಿಂತಿತು. ಮರದ ಕೆಳಗೆ ಬಿಸಿಲು ಸುಡುತ್ತಿತ್ತು. ಗಾಡಿ ನಿಲ್ಲಿಸಲು ಬೇರೆ ನೆರಳಿರಲಿಲ್ಲ. ಅದಕ್ಕೇ ಗಾಡಿಯನ್ನು ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕದಲ್ಲಿ ಕಟ್ಟಿದರು. ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಆಗುವುದು.

ಕಾಟಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಮೂಗು ಮುರಿದಳು. "ಹೈಬ್ರಿಡ್ ಜೋಳ ತಂದ್ವಿ, ರುಚಿ ಇರಲಿಲ್ಲ. ಹೈಬ್ರಿಡ್ ಟೊಮೋಟ ತಂದ್ವಿ, ಹುಳಿ ಇರಲಿಲ್ಲ. ಇದರಲ್ಲಿ ಏನಿಲ್ವೋ ನೋಡಾಣ."

"ನಂಗೆ ಏನೂ ಕಮ್ಮಿ ಇಲ್ಲ," ಎಂದಿತು ಗಾಡಿಯ ಬಾಯಿ.

"ಹೂಂ, ಮಾತು ಜಾಸ್ತಿ ಇದೆ," ಎಂದಳು ಕಾಟಮ್ಮ.

"ನಂಗೂ ಮಾತು ಬರ್ತದೆ, ಯಾರೂ ಕೇಳಲ್ಲ ಅಷ್ಟೆ," ಎಂದು ಹಿಂದಿನ ತೊಟ್ಟಿ ಮುನಿಸಿಕೊಂಡಿತು. "ಖಾಲಿ ಹೊಟ್ಟೇಲಿ ನಾನು ಮನೆ ಬಿಟ್ಟು ಹೊರಡೋಳಲ್ಲ. ಭಾರ ಹಾಕಿ, ಬರ್ತೀನಿ."

ಹುಣ್ಣಿಮೆಯ ಬೆಳಗ್ಗೆ ಪಾಲಕ್ಕ ಸೀಟಿನ ಮೇಲೆ ಕೂತಳು. ಬಾಯಿ ಗರಗರ ಅಂದಿತು. ಕಾಟಮ್ಮ ಹೌಹಾರಿದಳು. "ಏನೇ ಪಾಲಿ ಇದು! ನನ್ನೆದುರಿಗೇ ಕೂತುಬಿಟ್ಟೆಯಲ್ಲೇ! ಕಾಲ ಕೆಟ್ಟೋಯ್ತು!" ಪಾಲಕ್ಕ ದಡಕ್ಕನೆ ಎದ್ದಳು. ಎದ್ದಳು, ಬಾಯಿ ಮುಚ್ಚಿತು. ಮತ್ತೆ ಕೂತಳು, ಬಾಯಿ ತೆರೆಯಿತು. ಅತ್ತೆ ಬೈದಳು, ಸೊಸೆ ಎದ್ದಳು. ಹೊತ್ತು ಏರಿತು. ಒಂದು ಗರಿ ಹುಲ್ಲೂ ಬೀಳಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ತೊಟ್ಟಿ. "ನಂಗೆ ಭಾರ ಬೇಕು. ಅಜ್ಜೀನ ನನ್ನೊಳಗೆ ಕೂರ್‍ಸಿ, ಹಿಂದುಕ್ಕೆ ಮುಖ ಮಾಡಿ. ಬೆನ್ನು ಹಾಕಿದ್ರೆ ಅದು ಎದುರಿಗೆ ಆಗಲ್ವಲ್ಲ."

ಹೀಗೆ ಅತ್ತೆ ಸೊಸೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಸೊಸೆ ಮುಂದಿನ ಹುಲ್ಲು ನೋಡುತ್ತಿದ್ದಳು. ಅತ್ತೆ ಹಿಂದೆ ಬಯಲಾದ ನೆಲ ನೋಡುತ್ತಿದ್ದಳು. ಬಾಯಿ ತಿಂದಿತು, ತಿಂದಿತು, ಜಮೀನಿನ ಅಂಚಿನಿಂದ ಸುತ್ತು ಹಾಕುತ್ತ ನಡುವಿನವರೆಗೂ ತಿಂದಿತು. ತಿಂದದ್ದೆಲ್ಲ ಎಲ್ಲಿಗೆ ಹೋಯಿತು ಅಂತ ಆಗ ಯಾರೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಜಮೀನೆಲ್ಲ ಈಗತಾನೆ ಬೋಳಿಸಿದ ತಲೆಯಂತೆ ಹೊಳೆಯಿತು. ನಡುವೆ ಕಾಟಮ್ಮ ನಿಂತಳು. ಉಂಗುಷ್ಠದಿಂದ ತುರುಬಿನವರೆಗೆ ಪೂರ್ತಿ ಕಾಣುತ್ತಿದ್ದಳು. ಪಾಲಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾಳೆ ಬೆಳಗ್ಗೆ ಅರಸ ಬರಲಿ, ನೋಡಿಕೊಂಡು ಹೋಗಲಿ.

ಈಗ ಆದ ತಪ್ಪನ್ನು ಕೇಳಿ. ಬೇರೆ ಊರಿನವರು ಈ ತಪ್ಪು ಮಾಡಲಾರರು.

ಪಾಲಕ್ಕ ಅಡುಗೆಮನೆಯಲ್ಲಿದ್ದಳು. ಕಾಟಮ್ಮ ಎಮ್ಮೆಗೆ ಹುರುಳಿ ಇಡಲು ಕೊಟ್ಟಿಗೆಗೆ ಹೋದಳು. ಪಕ್ಕದಲ್ಲಿ ಗಾಡಿ ನಿಂತಿತ್ತು. ಬಾಯಿ ಹಸಿರಾಗಿತ್ತು. ಸುಸ್ತಾದಂತೆ ಬಿಸಿಯುಸಿರು ಬಿಡುತ್ತಿತ್ತು. ಕಾಟಮ್ಮನ ಕರುಳು ಚುರುಕ್ಕೆಂದಿತು. ಬಾಯಲ್ಲಿ ಎಷ್ಟು ಬೈದರೂ ಹುಲ್ಲು ತಿನ್ನುವ ಪ್ರಾಣಿಯನ್ನು ಹುರುಳಿ ಇಲ್ಲದೆ ಮಲಗಿಸಿದ ಮನೆಯಲ್ಲ ಅವಳದು. "ಹೈಬ್ರಿಡ್ ಹಸುವಾದ್ರೂ ಹಸುವೇ ತಾನೆ? ಇಡೀ ದಿನ ದುಡಿದಿದೆ ಪಾಪ," ಎಂದುಕೊಂಡು, ಬೇಯಿಸಿದ ಹುರುಳಿಯನ್ನು ಒಂದು ಕುಕ್ಕೆ ತುಂಬ ತಂದು, ಸಿಕ್ಕಿದ ಮುಚ್ಚಳ ತೆಗೆದು ಸುರಿದಳು. ಬೆನ್ನು ಸವರಿದಳು. "ತಿನ್ನು ಮಗ," ಎಂದಳು.

ಗಾಡಿ ಹುರುಳಿ ತಿಂದಿತು. ತಿಂದು, ಚಕ್ರ ಮಡಚಿ, ಎಮ್ಮೆಯ ಪಕ್ಕದಲ್ಲಿ ಮಲಗಿತು. ಎಮ್ಮೆ ಮೆಲುಕು ಹಾಕುತ್ತಿತ್ತು. ಗಾಡಿ ಎಮ್ಮೆಯನ್ನು ನೋಡಿತು. ನೋಡಿ ತಾನೂ ಮೆಲುಕು ಹಾಕಲು ಶುರುಮಾಡಿತು.

ಯೋಚನೆ ಮಾಡಿ. ಮೆಲುಕು ಹಾಕಿದರೆ ತಿಂದದ್ದು ಬಾಯಿಗೆ ವಾಪಸು ಬರುತ್ತದೆ. ಎಮ್ಮೆಯದಾದರೆ ಮತ್ತೆ ಹೊಟ್ಟೆಗೆ ಹೋಗುತ್ತದೆ. ಆದರೆ ಇದು ಅರ್ಧ ಸಾಮಾನು ಸಾಗಿಸುವ ಗಾಡಿ. ಸಾಗಿಸುವ ಗಾಡಿ ತಂದದ್ದನ್ನು ಎಲ್ಲಿಗೆ ಸಾಗಿಸಬೇಕು? ಎಲ್ಲಿಂದ ತಂದಿತೋ ಅಲ್ಲಿಗೆ. ಒಂದೊಂದು ಗರಿಯೂ ಬಾಯಿಂದ ತೊಟ್ಟಿಗೆ ಬಂದು, ತೊಟ್ಟಿಯಿಂದ ಜಿಗಿದು, ತನ್ನ ತನ್ನ ಬುಡ ಹುಡುಕಿಕೊಂಡು ಹೋಗಿ ನಿಂತಿತು. ಹುರುಳಿಯ ಕಸುವು ಬೇರೆ ಸೇರಿತ್ತು. ಬೆಳಕು ಹರಿದಾಗ ಪಾಲಕ್ಕ ಬಾಗಿಲು ತೆಗೆದರೆ ಹೊಸ್ತಿಲಿನಿಂದಲೇ ಹುಲ್ಲು. ಅವಳು ಜನ್ಮದಲ್ಲಿ ನೋಡದಂಥ ಎತ್ತರದ ಹುಲ್ಲು. ನೋಡುತ್ತಿರುವಂತೆಯೇ ಬೆಳೆಯುತ್ತಿತ್ತು. ಬೆಳೆಯುವ ಸದ್ದು ಕೇಳುತ್ತಿತ್ತು.

ಅದರಾಚೆ ಇನ್ನೊಂದು ಸದ್ದು. ಡಂ. ಡಂ. ಡಂ.

"ಅತ್ತೆಮ್ಮಾ, ಗಾಡಿಗೆ ಏನಾದ್ರೂ ಹಾಕಿದ್ರಾ?"

ಕಾಟಮ್ಮ ಖಾಲಿ ಕುಕ್ಕೆಯನ್ನು ನೋಡಿದಳು. ಬಾಯಿ ತೆರೆದಳು. ಮೊದಲ ಸಲ ಅವಳಿಗೆ ಬೈಯಲು ಯಾರೂ ಸಿಗಲಿಲ್ಲ. "ಹಸಿದಿತ್ತು ಕಣೇ," ಎಂದಳು ಮೆಲ್ಲಗೆ.

ಪಾಲಕ್ಕ ಅತ್ತೆಯನ್ನು ಎತ್ತಿ ತೊಟ್ಟಿಗೆ ಹಾಕಿದಳು, ಸೀಟು ಹತ್ತಿದಳು, ಗಾಡಿ ಎಬ್ಬಿಸಿ ಹುಲ್ಲಿಗೆ ನುಗ್ಗಿಸಿದಳು. ಒಂದು ಸುತ್ತಾದರೂ ಕೊಯ್ದರೆ ಸಾಕು. ಅತ್ತೆ ನಿಲ್ಲುವಷ್ಟು ಜಾಗವಾದರೆ ಸಾಕು.

"ಹೊಟ್ಟೆ ತುಂಬಿದೆ," ಎಂದಿತು ಬಾಯಿ. ಒಂದು ಗುಕ್ಕು ಕಡಿಯಿತು, ತೇಗಿತು. ಕಡಿದ ಗುಕ್ಕು ಹಿಂದಿನಿಂದ ಎದ್ದು ನಿಂತಿತು. ಇನ್ನೊಂದು ಗುಕ್ಕು ಕಡಿಯಿತು. ಅದೂ ಎದ್ದು ನಿಂತಿತು. ಜಮೀನಿನ ನಟ್ಟನಡುವೆ ಬಂದರು, ಬಂದ ದಾರಿ ಮುಚ್ಚಿಹೋಯಿತು. ನಾಲ್ಕೂ ಕಡೆ ಹುಲ್ಲು. ಡೋಲು ಜಮೀನಿನ ಅಂಚಿಗೆ ಬಂದು ನಿಂತೇಬಿಟ್ಟಿತು.

"ಕಾಣ್ತು, ನೆರಳಿಲ್ಲದ ಹುಣಸೇಮರ!" ಕಾಣುವಯ್ಯ ಕೂಗಿದ. "ಕಾಣ್ತು, ಮನೆ ಸೂರು! ಕಾಣ್ತು, ಕೊಟ್ಟಿಗೆ ಸೂರು! ಕಾಣ್ತು, ಒಂದು ಹೆಣ್ಣು ತಲೆ!"

ಹೆಣ್ಣು ತಲೆ ಪಾಲಕ್ಕನದು. ಸೀಟು ಎತ್ತರವಿದ್ದುದರಿಂದ ಉಳಿದಳು. ತೊಟ್ಟಿಯಲ್ಲಿ ಕಾಟಮ್ಮ ಎದ್ದು ನಿಂತಳು. ತುದಿಗಾಲಲ್ಲಿ ನಿಂತಳು. ತುರುಬನ್ನು ಎಳೆದು ಎಳೆದು ಮೇಲೆ ಮಾಡಿದಳು. ಹುಲ್ಲು ಅದಕ್ಕಿಂತ ಮೇಲಿತ್ತು.

"ಇಲ್ಲಿದೀನಿ ಕಣಪ್ಪಾ!" ಎಂದು ಕೂಗಿದಳು.

"ಕೇಳ್ತು," ಎಂದ ಕಾಣುವಯ್ಯ. "ಕಾಣಲಿಲ್ಲ."

ಡೋಲು ನಿಧಾನವಾಗತೊಡಗಿತು. ಡಂ... ಡಂ...

"ಅತ್ತೆಮ್ಮಾ, ಸೀಟಿಗೆ ಬನ್ನಿ! ನಾನು ಇಳೀತೀನಿ!" ಪಾಲಕ್ಕ ಧುಮುಕಿದಳು. ಅತ್ತೆಯನ್ನು ಸೀಟಿನ ಮೇಲೆ ಕೂರಿಸಿದಳು. ಗಾಡಿಯ ಬಾಯಿ ಟಕ್ಕನೆ ಮುಚ್ಚಿತು.

"ಯಾಕೆ ನಿಂತೆ?" ಎಂದಳು ಪಾಲಕ್ಕ.

"ಸೀಟು ಖಾಲಿ," ಎಂದಿತು ಗಾಡಿ.

"ನಾನು ಕೂತಿದೀನಿ ಕಣೋ, ಕಣ್ಣು ಹೋಗಿದೆಯೇನೋ!" ಎಂದಳು ಕಾಟಮ್ಮ.

"ತೊಟ್ಟಿಗೆ ಸಾಕಾಗೋ ಭಾರ ಸೀಟಿಗೆ ಸಾಲ್ದು. ಭಾರ ಇಲ್ಲ ಅಂದ್ರೆ ಯಾರೂ ಕೂತಿಲ್ಲ. ಖಾಲಿ."

ಕಾಟಮ್ಮ ಸೀಟನ್ನು ಗುದ್ದಿದಳು. ಹಾರಿ ಹಾರಿ ಕೂತಳು. ಗಾಡಿ ಒಪ್ಪಲಿಲ್ಲ. ಸೀಟಿನ ಮೇಲೂ ಅವಳ ತುರುಬು ಹುಲ್ಲಿಗಿಂತ ಒಂದು ಗೇಣು ಕೆಳಗೇ ಇತ್ತು. ಕೆಳಗೆ ನಿಂತ ಪಾಲಕ್ಕನೂ ಈಗ ಹುಲ್ಲಿನಲ್ಲಿ ಮುಳುಗಿದ್ದಳು. ಅಂಚಿನಲ್ಲಿ ಅರಸ ಮೇನೆಯ ಮೇಲೆ ಮುಂದಕ್ಕೆ ಬಾಗಿ ಕೈ ಉಜ್ಜಿಕೊಂಡ. "ಎರಡು," ಎಂದ. "ಇವತ್ತು ಎರಡು ಸಿಗ್ತವೆ."

ಪಾಲಕ್ಕ ಅತ್ತೆಯನ್ನು ತೊಟ್ಟಿಗೆ ದಾಟಿಸಿ ಮತ್ತೆ ಸೀಟು ಹತ್ತಿದಳು. "ಅತ್ತೆಮ್ಮಾ, ನನ್ನ ಹೆಗಲು ಹತ್ತಿ."

"ಥೂ!" ಎಂದಳು ಕಾಟಮ್ಮ. "ಮಂದಿ ಹೆಗಲ ಮೇಲೆ ಹೋಗೋದು ಹೆಣ. ನಾನಿನ್ನೂ ಉಸಿರಾಡ್ತಿದೀನಿ."

ಡಂ...

"ಹತ್ತಿ ಅತ್ತೆಮ್ಮಾ!"

"ಒಲ್ಲೆ. ನೀನು ಉಳಿದಿದೀಯಲ್ಲ, ಸಾಕು. ನಾನು ಹೋಗಿ ನನ್ನ ಮಗನ ಪಕ್ಕ ಕೂತ್ಕೋತೀನಿ. ನಾನೇ ತಾನೆ ಬಗ್ಗು ಅಂದೋಳು?"

ಪಾಲಕ್ಕನಿಗೆ ಅಳು ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು. ಮದುವೆಯಾಗಿ ಬಂದ ಮೇಲೆ ಮೊದಲನೆಯ ಸಲ ಅತ್ತೆಗೆ ಎದುರುತ್ತರ ಕೊಟ್ಟಳು. "ನೀವು ಹೋದ್ರೆ ಮನೇಲಿ ನನ್ನ ಯಾರು ಬೈತಾರೆ? ಮುದ್ದೆ ಗಟ್ಟಿಯಾದ್ರೆ ಯಾರು ಹೇಳ್ತಾರೆ? ಅಷ್ಟು ದೊಡ್ಡ ಮನೇಲಿ, ಇಷ್ಟು ದೊಡ್ಡ ಜಮೀನಲ್ಲಿ, ಒಬ್ಬಳೇ ಇದ್ದು ನಾನೇನು ಮಾಡ್ಲಿ? ನಂಗೆ ನೀವು ಬೇಕು. ಹತ್ತಿ!"

ಡೋಲಿನವನು ಕೋಲು ಎತ್ತಿದ್ದ. ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಸೆಯ ಬೆನ್ನು ಹಿಡಿದು, ಭುಜಕ್ಕೆ ಕಾಲಿಟ್ಟು, ಹೆಗಲೇರಿ ಕೂತಳು.

"ಕಾಣ್ತು, ಒಬ್ಬಳು ಮುದುಕಿ!" ಕಾಣುವಯ್ಯ ಕೂಗಿದ.

ಉಳಿದಳು! ಆದರೆ ನಗಬೇಡಿ, ಇನ್ನೂ ಮುಗಿದಿಲ್ಲ. ಇಬ್ಬರ ಭಾರಕ್ಕೆ ಸೀಟಿನ ಸ್ಪ್ರಿಂಗು ಕುಸಿಯಿತು. ಒಂದು ಗೇಣು ಕುಸಿಯಿತು. ಹುಲ್ಲು ಅದೇ ಹೊತ್ತಿಗೆ ಒಂದು ಗೇಣು ಬೆಳೆಯಿತು. ಪಾಲಕ್ಕನ ಹಣೆ ಮುಳುಗಿತು. ನೆತ್ತಿ ಮುಳುಗಿತು.

"ಹೆಣ್ಣು ತಲೆ ಕಾಣಲಿಲ್ಲ!" ಎಂದ ಕಾಣುವಯ್ಯ.

ಡೋಲು ನಿಂತಿತು.

ಗಾಳಿಯೂ ನಿಂತಿತು. ಅರಸ ಚಪ್ಪಾಳೆ ತಟ್ಟಿದ. "ಕಾಣದ್ದು ನಮ್ಮದು! ಕೆಳಗಿರೋಳು ನಮ್ಮೋಳು. ಮುದುಕಿ, ಇಳಿ. ನಮ್ಮೋಳ ಹೆಗಲ ಮೇಲೆ ನಿಂಗೇನು ಕೆಲಸ?" ಕಾವಲಿನವರು ಕೋಲು ಹಿಡಿದು ಹುಲ್ಲಿಗೆ ಇಳಿದರು. ಸರ ಸರ ಎಂದು ಹುಲ್ಲು ಬಾಗುತ್ತ ಹತ್ತಿರ ಬಂತು. ಪಾಲಕ್ಕನಿಗೆ ಕಾಣುತ್ತಿದ್ದದ್ದು ಹುಲ್ಲು ಮತ್ತು ಅತ್ತೆಯ ಎರಡು ಒಣಗಿದ ಪಾದ. ಅವಳು ಆ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದಳು.

ಮೇಲೆ ಕಾಟಮ್ಮ ಕೂತಿದ್ದಳು. ಹುಟ್ಟಿದಾಗಿನಿಂದ ಅಷ್ಟು ಎತ್ತರಕ್ಕೆ ಏರಿದವಳಲ್ಲ. ಪಕ್ಕದಿಂದ ನೋಡಿದರೆ ಹುಲ್ಲು ಗೋಡೆ. ಮೇಲಿಂದ ನೋಡಿದರೆ ಹುಲ್ಲು ಜರಡಿ. ಗರಿ ಗರಿಯ ನಡುವೆ ಸಂದು, ಸಂದಿನ ಕೆಳಗೆ ನೆಲ. ಅವಳು ಬಗ್ಗಿ ತನ್ನ ಮೊಣಕಾಲುಗಳ ನಡುವೆ ನೋಡಿದಳು.

"ಕಾಣ್ತು!" ಎಂದು ಕಿರುಚಿದಳು. "ಕಾಣ್ತು, ನನ್ನ ಸೊಸೆ! ಇಲ್ಲೇ ಕೂತಿದಾಳೆ!"

ಕಾವಲಿನವರು ನಿಂತರು.

"ನೀನು ಕಂಡ್ರೆ ಏನು ಬಂತು?" ಅರಸ ಗದರಿದ. "ಕಾಣಬೇಕಾದೋನು ಕಾಣುವಯ್ಯ."

"ಹಂಗಂತ ಯಾವಾಗ ಡಂಗುರ ಹೊಡೆಸಿದ್ರಿ? ಕಂಡಿದ್ದು ನಿಮ್ಮದು ಅಂದ್ರಿ. ಯಾರು ಕಂಡಿದ್ದು, ಯಾವಾಗ ಕಂಡಿದ್ದು ಅಂದ್ರಾ? ಕೇಳ್ರಿ ಅವನ್ನ!"

ಅರಸ ಕಾಣುವಯ್ಯನ ಕಡೆ ತಿರುಗಿದ. ಕಾಣುವಯ್ಯ ಉದ್ದ ಕತ್ತನ್ನು ಆ ಕಡೆ ಈ ಕಡೆ ಆಡಿಸಿ, "ಅಂದಿಲ್ಲ ದೊರೆ," ಎಂದ. "ಕೂಗಿ ಕೂಗಿ ಗಂಟಲು ಬಿದ್ದೋಗಿದೆ. ಬೇರೆಯೋರು ಕಂಡ್ರೆ ನಂಗೂ ಸ್ವಲ್ಪ ಬಿಡುವು."

ಕೆಳಗೆ ಪಾಲಕ್ಕನಿಗೆ ಗಾಬರಿ. ಅತ್ತೆ ನೋಡಿಬಿಟ್ಟಳಲ್ಲ, ಕೂತಿದ್ದನ್ನು! ರೂಢಿಯ ಮೇಲೆ ಎದ್ದುಬಿಡಲು ಹೋದಳು. ನೆತ್ತಿಯ ಮೇಲೆ ಅತ್ತೆಯ ಕೈ ಬಂದು ಒತ್ತಿತು.

"ಕೂತ್ಕೋ ಪಾಲಿ," ಎಂದಳು ಕಾಟಮ್ಮ. "ಎಷ್ಟು ವರ್ಷದಿಂದ ನಿಂತಿದೀಯೇ ನೀನು. ಕೂತ್ಕೋ ನನ್ನವ್ವ."

ಆಮೇಲೆ ಮುದುಕಿ ತಲೆ ಎತ್ತಿ, ತನ್ನ ಜಮೀನಿನಾಚೆ, ಅರಸನ ಹುಲ್ಲುಗಾವಲಿನ ಮೇಲೆ ಕಣ್ಣು ಓಡಿಸಿದಳು. "ಕಾಣ್ತು, ನಮ್ಮ ಕೋಳಿ!" ಕೋಳಿ ರೆಕ್ಕೆ ಬಡಿದು ಎದ್ದಿತು. "ಕಾಣ್ತು, ರುಬ್ಬುಗುಂಡು!" ರುಬ್ಬುಗುಂಡು ಉರುಳಿ ಬಂತು. "ಕಾಣ್ತು, ಊರಿನ ಏಣಿ!" ಏಣಿ ಮೈಮುರಿದು ನಿಂತಿತು. ದೂರದಲ್ಲಿ, ಹುಲ್ಲಿನ ಸಂದಿನಲ್ಲಿ, ಕುಕ್ಕರುಗಾಲಿನಲ್ಲಿ ಕೂತ ಒಂದು ಬಕ್ಕತಲೆ. ಕೂಗಿದರೆ ಅದು ಅವನಲ್ಲದೆ ಹೋದರೆ ಎಂದು ಹೆದರಿದಳು. ಆ ತಲೆ ತಿರುಗಿತು.

"ಕಾಣ್ತು, ನನ್ನ ಮಗ! ಏಳೋ ಗಾದ್ರಿ! ಬಗ್ಗಬ್ಯಾಡ್ವೋ! ಇನ್ನೆಂದೂ ಬಗ್ಗಬ್ಯಾಡ್ವೋ!"

ಗಾದ್ರಪ್ಪ ಎದ್ದ. ಒಂದೇ ಸಲಕ್ಕೆ ಏಳಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡು, ಸೊಂಟ ಹಿಡಿದುಕೊಂಡು, ಎದ್ದ. ಅವನ ಪಕ್ಕದವರನ್ನು ಕಂಡಳು, ಅವರೂ ಎದ್ದರು. ಕಾವಲಿನವರು ಕೋಲು ಎತ್ತಿದರು, ಆದರೆ ಯಾರ ಯಾರ ತಲೆಗೆ ಅಂತ ಇಳಿಸುತ್ತಾರೆ? ಹುಲ್ಲುಗಾವಲಿನ ತುಂಬ ತಲೆಗಳು. ಕೂಗಿ ಕೂಗಿ ಕಾಟಮ್ಮನ ಗಂಟಲು ಕಟ್ಟಿತು. ಆದರೂ ಕೂಗುತ್ತಲೇ ಕಣ್ಣು ತಿರುಗಿಸಿ ತಿರುಗಿಸಿ, ಕೊನೆಗೆ ಮೇನೆಯ ಮೇಲೆ ನಿಲ್ಲಿಸಿದಳು.

"ಕಾಣ್ತು," ಎಂದಳು, "ಒಬ್ಬ ಅರಸ."

ಮೇನೆ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಣುವಯ್ಯ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಕಂಡಿದ್ದು ಯಾರದು? ಅರಸನಿಗೇ ಮೊದಲು ಅರ್ಥವಾಯಿತು. "ನಾನು ಯಾರೋನೂ ಅಲ್ಲ! ಯಾರೋನೂ ಅಲ್ಲ!" ಎಂದು ತೊದಲುತ್ತ ಮೇನೆಯಿಂದ ಹಾರಿ, ಪಾಲಕ್ಕನ ಜಮೀನಿನ ಹುಲ್ಲಿಗೆ ನುಗ್ಗಿ, ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. "ಈಗ ಕಾಣಲ್ಲ! ಈಗ ನಾನು ನನ್ನೋನೇ!"

ಅಷ್ಟರಲ್ಲಿ ಗಾಡಿಯ ಮೆಲುಕು ಮುಗಿದಿತ್ತು. ಹುರುಳಿ ಕರಗಿತ್ತು. ಬಾಯಿ ಆಕಳಿಸಿತು. "ಹಸಿವು," ಎಂದಿತು.

ಪಾಲಕ್ಕ ಅತ್ತೆಯನ್ನು ಇಳಿಸಿ ತೊಟ್ಟಿಯಲ್ಲಿ ಕೂರಿಸಿದಳು. ಈ ಸಲ ಕಾಟಮ್ಮ ಸೊಸೆಯ ಕಡೆಗೇ ಮುಖ ಮಾಡಿ ಕೂತಳು. ಗಾಡಿ ಅಂಚಿನಿಂದ ಸುತ್ತಿತು. ಹುಲ್ಲು ಬಿತ್ತು. ಅರಸ ಒಳಕ್ಕೆ ಸರಿದ. ಇನ್ನೊಂದು ಸುತ್ತು. ಇನ್ನೂ ಒಳಕ್ಕೆ ಸರಿದ. ಸುತ್ತು ಚಿಕ್ಕದಾಯಿತು, ಚಿಕ್ಕದಾಯಿತು. ಊರೆಲ್ಲ ಮರಗಾಲಿನ ಮೇಲೆ ಬಂದು ಸುತ್ತ ನಿಂತು ಉಸಿರು ಹಿಡಿದು ನೋಡಿತು. ಕೊನೆಗೆ ಬಯಲಿನ ನಡುವೆ ಉಳಿದದ್ದು ಒಂದೇ ಒಂದು ಪೊದೆ. ಪೊದೆ ಗಡಗಡ ನಡುಗುತ್ತಿತ್ತು.

"ತಿನ್ಲಾ?" ಎಂದಿತು ಬಾಯಿ.

"ಹೊತ್ಕೊಂಡು ಹೋಗ್ಲಾ?" ಎಂದಿತು ತೊಟ್ಟಿ.

"ಇಲ್ಲಿ ಯಾರೂ ಇಲ್ಲ," ಎಂದಿತು ಪೊದೆ.

ಪಾಲಕ್ಕ ಗಂಡನ ಮುಖ ನೋಡಿದಳು. ಗಾದ್ರಪ್ಪ ಇನ್ನೂ ಸೊಂಟ ಹಿಡಿದುಕೊಂಡೇ ಕುಂಟುತ್ತ ಬಂದಿದ್ದ. ಪೊದೆಯನ್ನು ನೋಡಿದ. "ಇರ್‍ಲಿ ಬಿಡೆ," ಎಂದ. "ಕುಕ್ಕರುಗಾಲಲ್ಲಿ ಕೂರೋದು ಎಷ್ಟು ಕಷ್ಟ ಅಂತ ನಂಗೊತ್ತು. ಕಾಲು ಹಿಡ್ಕೊಂಡಾಗ ಅವನೇ ಏಳ್ತಾನೆ."

"ಎದ್ರೆ ಮನೆಗೆ ಕರ್‍ಕೊಂಡು ಬಾ," ಎಂದಳು ಕಾಟಮ್ಮ. "ಎದ್ದೋನಿಗೆ ಒಂದು ಮುದ್ದೆ ಹಾಕಾಣ. ಗಟ್ಟಿಯಾಗಿದ್ರೆ ಅವನಿಗೂ ಬೈತೀನಿ."

ಪಾಲಕ್ಕ ಸೀಟಿನಿಂದ ಎದ್ದಳು. ಗಾಡಿ ಬಾಯಿ ಮುಚ್ಚಿತು. ಪೊದೆ ಅಲ್ಲೇ ಉಳಿಯಿತು. ಅರಸ ಎದ್ದನೋ, ಇನ್ನೂ ಕೂತಿದ್ದಾನೋ, ಹತ್ತಿರ ಹೋಗಿ ಇಣುಕಿದವರು ಇಲ್ಲ. ಕತೆ ಇಲ್ಲಿಗೆ ಮುಗಿಯಿತು. ನೀತಿ ಏನು ಅಂತ ನನ್ನನ್ನು ಕೇಳಬೇಡಿ. ಹೇಳುತ್ತ ಹೇಳುತ್ತ ಅದು ನನ್ನ ಕೈಜಾರಿ ಆ ಪೊದೆಯೊಳಗೆ ಬಿತ್ತು. ಈಗ ಕಾಣುತ್ತಿಲ್ಲ. ಆದ್ದರಿಂದ ಅದು ಅರಸನದು.